ಹೊಸಬಾವಿಗೆ ಒಂಬತ್ತು ವರ್ಷ ಮುಂಚೆಯೇ ನೂರು

೩ ನವೆಂಬರ್ ೨೦೨೫, ಸೋಮವಾರ

ಇಷ್ಟು ವರ್ಷ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ನನ್ನ ಸಣ್ಣಪುಟ್ಟ ಕೊರಗುಗಳೂ ಯಾವುದೋ ಕಾದಂಬರಿಯ ನಾಯಕಿಯ ಕೊರಗಿನಂತೆ ಕಾಣುತ್ತಿದ್ದವು. ಇವತ್ತಿನಿಂದ ಕನ್ನಡ. ಕಾರಣ ದೊಡ್ಡದೇನಲ್ಲ. ಈ ಊರಿನ ಇತಿಹಾಸವನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಕೈ ಪಳಗಬೇಕು.

ಆಗಿದ್ದಿಷ್ಟು. ಮಧ್ಯಾಹ್ನ ಪಟ್ಟಣ ಪಂಚಾಯಿತಿ ಅಧ್ಯಕ್ಷ ಮೂಕಪ್ಪನವರು ಶಾಲೆಗೆ ಬಂದರು. ಜೊತೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಹಳೆಯ ಕಾಗದ. ಪಂಚಾಯಿತಿಯ ಕಬ್ಬಿಣದ ಕಪಾಟು ಸರಿಸುವಾಗ ಸಿಕ್ಕಿತಂತೆ.

"ಮೇಡಂ, ಇದು ಉರ್ದುದಾಗ ಅದ. ನಿಮಗ ಬರತದಲ್ರಿ?"

ಪ್ರಾಮಾಣಿಕ ಉತ್ತರ: ಬರುವುದಿಲ್ಲ. ಆರನೇ ವಯಸ್ಸಿನಲ್ಲಿ ಮೌಲವಿ ಸಾಬರು ಅಕ್ಷರ ಕೂಡಿಸಲು ಕಲಿಸಿದ್ದರು. ಆಮೇಲೆ ರಾಯಚೂರಿನ ಕಾನ್ವೆಂಟ್ ನನ್ನನ್ನು ಎತ್ತಿಕೊಂಡು ಹೋಯಿತು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತೇವೆ, ಅಷ್ಟೇ. ಆದರೆ ಆತಿಯಾ ಎಂಬ ಹೆಸರಿಟ್ಟುಕೊಂಡು, ಮುಖ್ಯೋಪಾಧ್ಯಾಯಿನಿಯಾಗಿ ಇಪ್ಪತ್ತು ಶಿಕ್ಷಕರ ಎದುರು, ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕೊಡಿ, ನೋಡೋಣ" ಎಂದೆ.

ಕೈಬರಹ ಇರುವೆ ಸಾಲಿನಂತಿತ್ತು. ಅರ್ಧ ಓದಿದೆ, ಇನ್ನರ್ಧ ಊಹಿಸಿದೆ. ಮಾನ್ವಿಯಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಒಂದು ಬಾವಿ ತೋಡಿ, ಅದರ ಸುತ್ತ ಮನೆ ಕಟ್ಟಿಕೊಂಡು, ವಾರಕ್ಕೊಮ್ಮೆ ಸಂತೆ ನಡೆಸಲು ನಿಜಾಮನ ಸರ್ಕಾರದ ಅಪ್ಪಣೆ. ಕೆಳಗೆ ಬಹಮನ್ ಎಂಬ ಹೆಸರು. ಬರೆದ ಗುಮಾಸ್ತನಿರಬೇಕು. ಪಕ್ಕದಲ್ಲಿ ವರ್ಷ, ೧೩೪೪. ಅದೊಂದು ಸ್ಪಷ್ಟವಾಗಿತ್ತು. ಮೊಬೈಲಿನಲ್ಲಿ ಹಾಕಿ ನೋಡಿದೆ: ಇಸ್ಲಾಮಿ ಹಿಜರಿ ವರ್ಷ ೧೩೪೪ ಅಂದರೆ ೧೯೨೫.

"ನಿಮ್ಮ ಊರು ಹುಟ್ಟಿ ಈ ವರ್ಷಕ್ಕೆ ಸರಿಯಾಗಿ ನೂರು" ಎಂದೆ.

ಮೂಕಪ್ಪನವರು ಕುರ್ಚಿಯಿಂದ ಎದ್ದು ನಿಂತರು. "ಇನ್ನೊಮ್ಮಿ ಹೇಳ್ರಿ."

ಹೇಳಿದೆ. ಹೇಳುವಾಗ ನನಗೇ ನನ್ನ ಮೇಲೆ ಗೌರವ ಬಂತು.

೪ ನವೆಂಬರ್, ಮಂಗಳವಾರ

ನಿನ್ನೆ ನಾನು ಹೇಳಿದ ಅಂಕಿ ಇವತ್ತು ಬಸ್ ನಿಲ್ದಾಣದಲ್ಲಿ ಬ್ಯಾನರ್ ಆಗಿ ನಿಂತಿದೆ. "ಹೊಸಬಾವಿ ಶತಮಾನೋತ್ಸವ, ಡಿಸೆಂಬರ್ ೨೧." ಶತಮಾನೋತ್ಸವದಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಫೋನ್ ಮಾಡಿ ಸರಿ ಮಾಡಿಸಿದೆ. ಇಂಥ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವಳಲ್ಲ.

೯ ನವೆಂಬರ್, ಭಾನುವಾರ

ಈ ವಾರ ರಾಯಚೂರಿಗೆ ಹೋಗಲಿಲ್ಲ. ಮತೀನ್ ಫೋನಿನಲ್ಲಿ, "ನಿನ್ನ ಗಂಡ ಇಲ್ಲಿದ್ದಾನೆ, ನೆನಪಿರಲಿ" ಎಂದರು. ವರ್ಗಾವಣೆಯ ಅರ್ಜಿ ಜನವರಿಯಲ್ಲಿ ತೆರೆಯುತ್ತದಂತೆ. ಹೊಸಬಾವಿಗೆ ಬಂದು ಎರಡು ವರ್ಷ ನಾಲ್ಕು ತಿಂಗಳಾಯಿತು. ನಾನು ಎಣಿಸುತ್ತಿಲ್ಲ, ಸುಮ್ಮನೆ ಗೊತ್ತಿದೆ.

ಬೆಳಿಗ್ಗೆ ನೂರ್ ಬೀ ಜೊತೆ ಕುಳಿತೆ. ನಾನಿರುವ ಕೋಣೆ ಅವರದೇ. ಅರವತ್ತು ವರ್ಷ ಸಂತೆಯಲ್ಲಿ ಬಳೆ ಮಾರಿದವರು. ನಾನು ದಖ್ಖನಿಯಲ್ಲಿ ಶುರು ಮಾಡಿದರೆ ತಡೆದುಬಿಡುತ್ತಾರೆ. "ನನ್ನ ಕೂಡ ಕನ್ನಡ ಮಾತಾಡವ್ವ. ನಿನ್ನ ಕನ್ನಡ ಕುಂಟತದ. ನಡೆಸಿದ್ರ ನಡೀತದ."

ಬಾವಿ ತೋಡಿದ್ದು ನೆನಪಿದೆಯೇ ಎಂದು ಕೇಳಿದೆ.

"ನೆನಪ್ಯಾಕಿಲ್ಲ? ನನಗ ಏಳು ವರ್ಸ. ನಮ್ಮಪ್ಪ ಬುಟ್ಟಿ ಹೊರತಿದ್ದ. ನೀರು ಬಂತು ಅಂತ ಮಂದಿ ಕೂಗಿದ್ರು, ನಾ ಓಡಿ ಹೋಗಿ ನೋಡಿದ್ರ ಬರೇ ಕೆಸರು. ಆ ಕೆಸರನ್ನ ಎಲ್ಲರೂ ಹಣಿಗೆ ಹಚ್ಕೊಂಡ್ರು. ನಾ ಅತ್ತೆ."

"ಯಾಕೆ?"

"ಹೊಸಾ ಲಂಗ ಹಾಕ್ಕೊಂಡಿದ್ನೆವ್ವ!"

ಲೆಕ್ಕ ಹಾಕಿದೆ. ಬಾವಿಗೆ ನೂರು, ಆಗ ಇವರಿಗೆ ಏಳು. ಅಂದರೆ ಈಗ ನೂರ ಏಳು. ಆಧಾರ್ ಕಾರ್ಡಿನಲ್ಲಿ ಎಂಬತ್ತನಾಲ್ಕು. ನೂರ್ ಬೀ ಎರಡನ್ನೂ ಒಪ್ಪಲಿಲ್ಲ. "ನೂರು ಆಗಾಕ ಇನ್ನಾ ಎರಡು ವರ್ಸ ಅದ. ನನ್ನ ವಯಸ್ಸು ನನಗ ಗೊತ್ತಿಲ್ಲೇನು?" ಎಂದರು.

ನಾನು ನಕ್ಕೆ. ಎಷ್ಟಾದರೂ ಓದು ಬರಹವಿಲ್ಲದವರು ಎಂದುಕೊಂಡೆ. ಈ ಸಾಲನ್ನು ಹೊಡೆದುಹಾಕಬೇಕೆನಿಸುತ್ತಿದೆ. ಇರಲಿ.

ಅವರ ಮೊಮ್ಮಗನ ಮಗಳು ತಮನ್ನಾ ನನ್ನದೇ ಶಾಲೆಯಲ್ಲಿ ಹತ್ತನೇ ತರಗತಿ. ವಿಜ್ಞಾನದಲ್ಲಿ ಇಡೀ ಶಾಲೆಗೆ ಮೊದಲು. ಮುಂದೇನು ಎಂದು ಕೇಳಿದೆ.

"ಏನಿಲ್ಲ ಮಿಸ್. ಕಾಲೇಜು ಮಾನ್ವಿದಾಗ ಅದ. ಬಸ್ಸಿನ್ಯಾಗ ಕಳಸಂಗಿಲ್ಲ ಅಂದಾರ. ನಮ್ಮ ಅಕ್ಕನ್ನೂ ಕಳಸಲಿಲ್ಲ."

ಅವಳು ಇದನ್ನು ಹವಾಮಾನ ವರದಿಯಂತೆ ಹೇಳಿದಳು. ಕಳೆದ ವರ್ಷ ನಮ್ಮಲ್ಲಿ ಪಾಸಾದ ಮೂವತ್ತೊಂದು ಹುಡುಗಿಯರಲ್ಲಿ ಮಾನ್ವಿಗೆ ಹೋದವರು ಐದು.

೨೮ ನವೆಂಬರ್, ಶುಕ್ರವಾರ

ಇವತ್ತು ಈ ಪುಟದ ಸಾಲುಗಳು ಸೊಟ್ಟಗಿವೆ. ಸುಂದರ ಅಕ್ಷರಕ್ಕಾಗಿ ಬಹುಮಾನ ಪಡೆದವಳಿಗೆ ಇಷ್ಟಾದರೂ ಶಿಕ್ಷೆ ಬೇಕು.

ಉತ್ಸವದ ಸ್ಮರಣ ಸಂಚಿಕೆಗೆ ಲೇಖನ ಮುಗಿದಿತ್ತು. ಹನ್ನೊಂದು ಪುಟ. ಹಳೆಯ ಜಾಗಗಳ ಹೆಸರು ಸರಿಯಿವೆಯೇ ನೋಡಲಿ ಎಂದು ಸಾಬಣ್ಣನವರ ಮನೆಗೆ ಒಯ್ದೆ. ನಿವೃತ್ತ ಗ್ರಾಮ ಲೆಕ್ಕಿಗರು. ಅವರ ತಂದೆ, ಅಜ್ಜ ಎಲ್ಲರೂ ಹೊಲಗಳ ದಫ್ತರ ಬರೆದವರೇ. ಕನ್ನಡಕ ಮೂಗಿನ ತುದಿಗಿಟ್ಟು ನಿಧಾನಕ್ಕೆ ಓದಿದರು.

"ಛಲೋ ಬರದೀರಿ ಮೇಡಂ. ಆದ್ರ ಈ ಬಹಮನ್ ಅನ್ನೋ ಗುಮಾಸ್ತ ಯಾರ್ರಿ?"

"ಕಾಗದ ಬರೆದವರು."

"ಬಹಮನ್ ಅಂದ್ರ ತಿಂಗಳ್ರಿ. ಫಸಲಿ ತಿಂಗಳು."

ಅವರು ವಿವರಿಸಿದರು. ನಿಜಾಮನ ಕಚೇರಿಗಳಲ್ಲಿ ಹೊಲ, ಬೆಳೆ, ಕಂದಾಯ ಎಲ್ಲಕ್ಕೂ ಫಸಲಿ ಎಂಬ ಬೇರೆಯೇ ವರ್ಷ ಬಳಕೆಯಲ್ಲಿತ್ತು. ಸುಗ್ಗಿಯ ಲೆಕ್ಕದ ವರ್ಷ. ಹಿಜರಿ ಮಸೀದಿಗೆ, ಹಬ್ಬಕ್ಕೆ. ಸರ್ಕಾರಿ ಕಾಗದಕ್ಕೆ ಫಸಲಿ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ನಮ್ಮ ಇಸವಿ.

೧೩೪೪ಕ್ಕೆ ೫೯೦. ನಾನು ಬಾಯಲ್ಲೇ ಕೂಡಿಸಿದೆ. ೧೯೩೪. ಬಹಮನ್ ಎಂದರೆ ಡಿಸೆಂಬರ್.

ಊರಿಗೆ ತೊಂಬತ್ತೊಂದು. ಆಗ ಏಳು ವರ್ಷದವರಾಗಿದ್ದ ನೂರ್ ಬೀಗೆ ಈಗ ತೊಂಬತ್ತೆಂಟು. ನೂರಾಗಲು ಇನ್ನೂ ಎರಡು ವರ್ಷ. ಓದು ಬರಹವಿಲ್ಲದವರು.

ನಾನು ಮಾಡಿದ್ದು ಇಷ್ಟೇ: ಉರ್ದು ಅಕ್ಷರ ಕಂಡೆ, ಹಿಜರಿ ಎಂದುಕೊಂಡೆ. ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಬಿಟ್ಟು ಬೇರೊಂದು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಸಾಬಣ್ಣನವರ ಮನೆಯ ಮೂರು ತಲೆಮಾರಿಗೆ ಗೊತ್ತಿದ್ದದ್ದು, ಹೆಸರಿನಲ್ಲೇ ಉರ್ದು ಹೊತ್ತ ನನಗೆ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆಯೇ ಮೂಕಪ್ಪನವರಿಗೆ ಹೇಳಿಬಿಡುತ್ತೇನೆ.

೨೯ ನವೆಂಬರ್, ಶನಿವಾರ

ಹೇಳಿದೆ. ಮೂಕಪ್ಪನವರು ತಮ್ಮ ಪೈಪಿನ ಅಂಗಡಿಯಲ್ಲಿ ಕುಳಿತು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದರು. ಬಾಯಿ ನಿಲ್ಲಲೂ ಇಲ್ಲ.

"ಗೊತ್ತದಲ್ರಿ" ಎಂದರು.

"ಏನು ಗೊತ್ತಿದೆ?"

"ತೊಂಬತ್ತೊಂದು ಅಂತ. ಕಾಗದ ಸಿಕ್ಕ ದಿನಾನ ಸಾಬಣ್ಣಗ ತೋರ್ಸಿದ್ದೆ. ಅವ ಫಸಲಿ ಅಂದ."

"ಮತ್ತೆ ನನ್ನ ಹತ್ತಿರ ಯಾಕೆ ತಂದಿರಿ?"

"ಒಬ್ಬ ಡಾಕ್ಟ್ರು ಆಪರೇಷನ್ ಅಂದ್ರ ಇನ್ನೊಬ್ಬ ಡಾಕ್ಟ್ರಿಗೆ ತೋರ್ಸಂಗಿಲ್ಲೇನ್ರಿ? ನಿಮಗ ತೋರ್ಸಿದ್ವಿ. ನೀವು ನೂರು ಅಂದ್ರಿ. ನಮಗ ನಿಮ್ಮ ಡಾಕ್ಟರಕಿ ಹಿಡಸ್ತು."

ಅವರು ತಟ್ಟೆ ಕೆಳಗಿಟ್ಟರು.

"ಕೂಡ್ರಿ ಮೇಡಂ. ಶಾಸಕರ ಕೈಯಾಗ ಹೆಣ್ಣುಮಕ್ಕಳ ಪಿಯು ಕಾಲೇಜು ಒಂದೇ ಒಂದು ಅದ. ಕೇಳೋ ಊರು ಮೂರು. ಉಳಿದ ಎರಡೂ ನಮಗಿಂತ ದೊಡ್ಡವು. ನೂರು ವರ್ಷದ ಕಾಣಿಕಿ ಅಂತ ಕೇಳಿದ್ರ ಯಾರೂ ತಕರಾರು ತಗಿಯಂಗಿಲ್ಲ, ನಮಗ ಕೊಡತಾರ. ತೊಂಬತ್ತೊಂದಕ್ಕ ನಮ್ಮನಿ ನಾಯಿನೂ ಎದ್ದು ಬರಂಗಿಲ್ಲ."

"ಇದು ಸುಳ್ಳು."

"ಹೌದ್ರಿ. ಆದ್ರ ಬ್ಯಾನರ್‌ನ್ಯಾಗ ಅಕ್ಷರ ತಪ್ಪಿಲ್ಲ, ನೀವೇ ನೋಡೀರಿ."

ಬರುವಾಗ ಬಾಗಿಲವರೆಗೆ ಬಂದು ಹೇಳಿದರು: "ಜಬರದಸ್ತಿ ಏನಿಲ್ಲ. ನೀವು ಹೇಳ್ತೀನಂದ್ರ ಹೇಳ್ರಿ. ಕಾಗದ ಓದಿದಾಕಿ ನೀವು. ನಿಮ್ಮ ಮಾತಿಗೆ ಎದುರು ಹೇಳಂಗಿಲ್ಲ ನಾವು."

ಹೆದರಿಸಿದ್ದರೆ ಎಷ್ಟು ಸುಲಭವಾಗುತ್ತಿತ್ತು.

೩೦ ನವೆಂಬರ್

ಇವತ್ತು ಬರೆಯುವಂಥದ್ದೇನಿಲ್ಲ. ತಲೆನೋವು.

೭ ಡಿಸೆಂಬರ್, ಭಾನುವಾರ, ರಾಯಚೂರು

ಮತೀನ್‌ಗೆ ಎಲ್ಲ ಹೇಳಿದೆ. ಬಹಳ ಹೊತ್ತು ನಕ್ಕರು. "ನಮ್ಮ ಮದುವೆ ಕಾರ್ಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು ಅಂತ ನಾಲ್ಕುನೂರು ಕಾರ್ಡು ವಾಪಸ್ ಕಳಿಸಿದವಳು ನೀನು" ಎಂದರು.

ಹೌದು. ಆ ಅಲ್ಪವಿರಾಮ ನಿಜಕ್ಕೂ ತಪ್ಪಾದ ಜಾಗದಲ್ಲಿತ್ತು.

ನನ್ನನ್ನೇ ಕೇಳಿಕೊಂಡೆ: ನನಗೆ ಹಿಂಸೆಯಾಗುತ್ತಿರುವುದು ಸುಳ್ಳಿಗೋ, ಆ ಸುಳ್ಳಿನ ಕೆಳಗೆ ನನ್ನ ಹೆಸರಿರುವುದಕ್ಕೋ? ಉತ್ತರ ಬೇಗ ಬಂತು. ಅದು ನನಗೆ ಇಷ್ಟವಾಗಲಿಲ್ಲ. ನಾಳೆ ಯಾರಾದರೂ ತಿಳಿದವರು ಓದಿ, ಈಕೆಗೆ ಫಸಲಿ ಗೊತ್ತಿಲ್ಲ ಎಂದರೆ? ಇಡೀ ಊರಿನ ಹುಡುಗಿಯರ ಕಾಲೇಜು ಒಂದು ಕಡೆ, ನನ್ನ ಈ ಭಯ ಒಂದು ಕಡೆ. ಮುಳ್ಳು ನನ್ನ ಕಡೆಗೇ ವಾಲುತ್ತಿದೆ. ಎಂಥ ತಕ್ಕಡಿ.

೧೯ ಡಿಸೆಂಬರ್, ಶುಕ್ರವಾರ

ನೂರ್ ಬೀಗೆ ಸನ್ಮಾನವಂತೆ. ನೂರ ಏಳು ವರ್ಷದ ಹಿರಿಯ ಜೀವ ಎಂದು. ಅವರಾದರೂ ಒಪ್ಪಲಿಕ್ಕಿಲ್ಲ, ನನ್ನ ಬದಲು ಅವರೇ ನಿಜ ಹೇಳಿಬಿಡುತ್ತಾರೆ ಎಂಬ ಆಸೆ ಒಳಗೊಳಗೆ ಇತ್ತು. ಧೈರ್ಯವನ್ನು ತೊಂಬತ್ತೆಂಟು ವರ್ಷದವರಿಂದ ಎರವಲು ಪಡೆಯುವ ಯೋಚನೆ. ನನ್ನ ಲೆಕ್ಕವೇ ತಪ್ಪಿತ್ತೆಂದು, ಕಾಲೇಜಿನ ವಿಷಯ ಹೀಗೆಂದು, ಎಲ್ಲವನ್ನೂ ಅವರಿಗೆ ಹೇಳಿದೆ.

"ನೂರಾ ಏಳು ಅಂತ ಅನ್ನಲಿ ಬಿಡು" ಎಂದರು. "ಒಂಬತ್ತು ವರ್ಸ ಜಾಸ್ತಿ ಆದ್ರ ಏನಾತು? ನನಗೇನು ಗಂಡು ನೋಡಾಕ ಬರಾಕತ್ತಾರೇನು?"

"ಸುಳ್ಳಲ್ಲವಾ ಅಮ್ಮಾ?"

ನೂರ್ ಬೀ ನನ್ನ ಮುಂಗೈ ಹಿಡಿದು, ಬಳೆ ತೊಡಿಸುವವರ ಅಭ್ಯಾಸದಂತೆ ಬೆರಳುಗಳನ್ನು ಒತ್ತಿ ನೋಡಿದರು. "ಬಳಿ ತೊಡಸುವಾಗ ಎಲ್ಲಾ ಹುಡುಗ್ಯಾರಿಗೂ ನೋಯಂಗಿಲ್ಲ ಅಂತಿದ್ದೆ. ನೋಯತಿತ್ತು. ಬಳಿ ಏರತಿತ್ತು." ಆಮೇಲೆ ಒಳಗೆ ನೋಡಿ ಕೂಗಿದರು: "ಲೇ ತಮನ್ನಾ, ಮೇಡಂಗ ಚಾ ಮಾಡು. ಸಕ್ರಿ ಜಾಸ್ತಿ ಹಾಕು, ಮಾರಿ ನೋಡು ಹ್ಯಾಂಗ ಮಾಡ್ಯಾಳ!"

ತಮನ್ನಾ ಚಹಾ ತಂದಳು. ಬಗಲಲ್ಲಿ ಜೀವಶಾಸ್ತ್ರದ ಪುಸ್ತಕ. ಪಿಯುಸಿಯದು. ಯಾರದೋ ಹಳೆಯದು. ನಾನು ನೋಡಿದ್ದನ್ನು ನೋಡಿ ಅದನ್ನು ಬೆನ್ನ ಹಿಂದೆ ಸರಿಸಿದಳು.

ಸಂಜೆ ಎರಡು ಭಾಷಣ ಬರೆದೆ. ಒಂದರಲ್ಲಿ ನೂರು. ಇನ್ನೊಂದರಲ್ಲಿ ತೊಂಬತ್ತೊಂದು ಮತ್ತು ಕ್ಷಮಾಪಣೆ. ಎರಡರಲ್ಲೂ ವ್ಯಾಕರಣ ಶುದ್ಧವಾಗಿದೆ.

೨೧ ಡಿಸೆಂಬರ್, ಭಾನುವಾರ

ಎರಡೂ ಭಾಷಣಗಳನ್ನು ಒಯ್ದಿದ್ದೆ. ಆದರೆ ಬೆಳಿಗ್ಗೆ ನಾನು ಮೂರನೆಯದೊಂದನ್ನು ಬರೆದಿದ್ದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಒಂದೇ ಒಂದು ಸುಳ್ಳಿಲ್ಲದ ಭಾಷಣ. "ಕಾಗದದ ಮೇಲೆ ೧೩೪೪ ಎಂದಿದೆ." ನಿಜ. "ಇದನ್ನು ಓದಿ ಲೆಕ್ಕ ಹಾಕುವ ಕೆಲಸ ನನಗೆ ಬಂತು." ನಿಜ. "ಅದರಂತೆ ಇಂದು ನಾವೆಲ್ಲ ಇಲ್ಲಿ ಸೇರಿದ್ದೇವೆ." ಅದೂ ನಿಜ. ಊರೂ ಉಳಿಯಬೇಕು, ನಾನೂ ಕೈ ತೊಳೆದುಕೊಂಡಿರಬೇಕು. ಕಾನ್ವೆಂಟಿನಲ್ಲಿ ಕಲಿತ ನಯ ಕೊನೆಗೂ ಕೆಲಸಕ್ಕೆ ಬಂತು ಎಂದುಕೊಂಡಿದ್ದೆ.

ಬಾವಿಯ ಪಕ್ಕದ ಸಂತೆಕಟ್ಟೆಯ ಮೇಲೆ ಪೆಂಡಾಲು. ಶಾಸಕರು ಎರಡು ಗಂಟೆ ತಡವಾಗಿ ಬಂದರು. ನೂರ್ ಬೀ ಹಸಿರು ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಶಾಸಕರು ಬಗ್ಗಿ ಅವರ ಕಾಲು ಮುಟ್ಟಿ, "ಯವ್ವಾ, ನೂರಾ ಏಳು! ಏನ್ ಊಟ ಮಾಡ್ತಿ?" ಎಂದರು.

"ಸಜ್ಜಿ ರೊಟ್ಟಿ ತಿಂತೀನಿ. ಮಂದಿ ಮಾತು ತಿನ್ನಂಗಿಲ್ಲ."

ಪೆಂಡಾಲು ಹಾರಿಹೋಗುವಷ್ಟು ಚಪ್ಪಾಳೆ.

ನಾನು ನನ್ನ ನಿರ್ಮಲವಾದ ಭಾಷಣ ಓದಿದೆ. ಒಂದು ಕಡೆಯೂ ತಡವರಿಸಲಿಲ್ಲ. ಕೊನೆಯ ವಾಕ್ಯ ಮುಗಿಸಿ ಹಾಳೆ ಮಡಚುವಾಗ ಶಾಸಕರು ತಮ್ಮ ಮೈಕ್ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು:

"ಹಂಗಾದ್ರ ಮೇಡಂ, ಊರಿಗೆ ನೂರು ವರ್ಷ ಪಕ್ಕಾ ಅಲ್ರಿ?"

ಸುಮ್ಮನೆ ಕೇಳಿದ್ದು. ಮಾತಿಗೆ ಮಾತು. ಆದರೆ ಅದಕ್ಕೆ ನನ್ನ ಹಾಳೆಯಲ್ಲಿ ಉತ್ತರ ಇರಲಿಲ್ಲ. ಇಡೀ ಬೆಳಿಗ್ಗೆ ಕಟ್ಟಿದ್ದು ಒಂದು ಪ್ರಶ್ನೆಗೆ ಕುಸಿಯಿತು. ಮುಂದಿನ ಸಾಲಿನಲ್ಲಿ ಸಾಬಣ್ಣ ತಮ್ಮ ಚಪ್ಪಲಿ ನೋಡುತ್ತಿದ್ದರು. ಮೂಕಪ್ಪನವರು, ಜೀವನದಲ್ಲಿ ಮೊದಲ ಸಲ ಇರಬೇಕು, ಬಾಯಿ ಮುಚ್ಚಿಕೊಂಡಿದ್ದರು. ಯಾರೂ ನನ್ನನ್ನು ನೋಡಿ ತಲೆಯಾಡಿಸಲಿಲ್ಲ. ಹೇಳಿದ್ದರಲ್ಲ, ಜಬರದಸ್ತಿ ಏನಿಲ್ಲ. ಹುಡುಗಿಯರ ಸಾಲಿನ ತುದಿಯಲ್ಲಿ ತಮನ್ನಾ ಜಡೆಯ ತುದಿ ಕಚ್ಚುತ್ತಿದ್ದಳು.

"ಪಕ್ಕಾ ರೀ ಸರ್" ಎಂದೆ.

ಪಕ್ಕಾ ರೀ. ನನ್ನ ಬಾಯಿಂದ. ಮೈಕಿನಲ್ಲಿ.

ಮಧ್ಯಾಹ್ನ ಮೂರಕ್ಕೆ ಶಾಲೆಯ ಹಿಂದಿನ ಬಯಲಿನಲ್ಲಿ ಅಡಿಗಲ್ಲು ಹಾಕಿದರು. ಕಾಲೇಜಿನ ಆದೇಶ ಶಾಸಕರ ಕಿಸೆಯಲ್ಲೇ ಇತ್ತು. ಜೂನ್‌ನಿಂದ ನಮ್ಮ ಶಾಲೆಯ ಎರಡು ಕೋಣೆಗಳಲ್ಲೇ ತರಗತಿ ಶುರು. ವಿಜ್ಞಾನವೂ ಇದೆ. ನೂರ್ ಬೀ ಕಲ್ಲಿಗೆ ಒಂದು ಬೆರಳು ಒದ್ದೆ ಮಣ್ಣು ಹಚ್ಚಿದರು. ಆಮೇಲೆ, ಕೇಳದೆ, ನನ್ನ ಹಣೆಗೂ. ನಾನು ಹೊಸ ಸೀರೆ ಉಟ್ಟಿದ್ದೆ. ಅಳು ಬಂತು. ಸೀರೆಗಾಗಿ ಅಲ್ಲ ಎಂದು ಬರೆದಿಡುತ್ತೇನೆ.

೬ ಜನವರಿ ೨೦೨೬, ಮಂಗಳವಾರ

ಹೆದರಿದ್ದೇ ಆಯಿತು. ರಾಯಚೂರಿನ ದಿನಪತ್ರಿಕೆಯೊಂದರಲ್ಲಿ ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರ ಪತ್ರ. ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಕಾಗದದ ಚಿತ್ರ ನೋಡಿದ್ದಾರೆ. "ಉರ್ದು ಲಿಪಿ ಕಂಡ ಕೂಡಲೇ ಹಿಜರಿ ಎಂದುಕೊಳ್ಳುವ, ಬಹಮನ್ ಮಾಸವನ್ನು ಗುಮಾಸ್ತನನ್ನಾಗಿ ಮಾಡುವ ಮುಖ್ಯೋಪಾಧ್ಯಾಯಿನಿಯ ಅಜ್ಞಾನ ಕನಿಕರ ಹುಟ್ಟಿಸುವಂಥದ್ದು. ಪಾಪ, ಇವರನ್ನು ನಂಬಿ ಒಂದು ಊರು ಮೋಸಹೋಯಿತು."

ಪತ್ರವನ್ನು ಎರಡು ಸಲ ಓದಿದೆ. ಹುಡುಕಿದರೂ ಒಂದು ಅಲ್ಪವಿರಾಮ ತಪ್ಪಿರಲಿಲ್ಲ. ಗುಮಾಸ್ತನನ್ನು ಲೇಖನದಿಂದ ತೆಗೆಯಬಹುದಿತ್ತು. ಆದರೆ ಅವನನ್ನು ತೆಗೆದರೆ, ತೆಗೆದವಳಿಗೆ ಗೊತ್ತಿತ್ತು ಎಂದಾಗುತ್ತಿತ್ತು. ಹಾಗಾಗಿ ಗೊತ್ತಿದ್ದೇ ಉಳಿಸಿದ್ದೆ.

ಸಿಬ್ಬಂದಿ ಕೋಣೆಗೆ ನಾನು ಹೋದ ಕೂಡಲೇ ಯಾರೋ ಪತ್ರಿಕೆ ಮಡಚಿ ಹಾಜರಿ ಪುಸ್ತಕದ ಕೆಳಗೆ ಸರಿಸಿದರು. ಸಂಜೆ ಮೂಕಪ್ಪನವರು ಬಂದರು. ಬೆವರುತ್ತಿದ್ದರು. ಕಾಲೇಜು ಕೇಳಿದ್ದ ಆ ಎರಡು ಊರಿನವರು ಪತ್ರಿಕೆ ಹಿಡಿದು ಶಾಸಕರ ಮನೆಗೆ ಹೋಗಿದ್ದಾರಂತೆ. ಹೊಸಬಾವಿಯವರು ಬೇಕೆಂದೇ ಮೋಸ ಮಾಡಿದ್ದಾರೆ, ಕಾಲೇಜು ಕಿತ್ತುಕೊಳ್ಳಿ ಎಂದು.

"ಶಾಸಕರು ಏನಂದಾರಂದ್ರ," ಎಂದು ನೆಲ ನೋಡಿದರು. "ಕಾಗದ ಓದಿದೋರದು ತಪ್ಪಾಗಿದ್ರ ಅದು ತಪ್ಪು ಅಷ್ಟ, ಮೋಸ ಅಲ್ಲ, ಹಾಕಿದ ಕಲ್ಲು ಕೀಳಂಗಿಲ್ಲ ಅಂತ. ಆದ್ರ ಅದನ್ನ ಓದಿದೋರು ಬರದು ಕೊಡಬೇಕು ಅಂದಾರ. ನಾ ಹ್ಯಾಂಗ ಕೇಳಲಿ ಮೇಡಂ ನಿಮಗ?"

೭ ಜನವರಿ, ಬುಧವಾರ

ಪತ್ರಿಕೆಗೆ ಪತ್ರ ಬರೆದೆ. ಐದು ಸಾಲು. ಒಂದು ಪ್ರತಿ ಶಾಸಕರಿಗೆ.

"ಮಾನ್ಯರೇ, ಪ್ರಾಧ್ಯಾಪಕರು ಹೇಳಿರುವುದು ಸರಿ. ಫಸಲಿ ವರ್ಷದ ಬಗ್ಗೆ ನನಗೆ ತಿಳಿದಿರಲಿಲ್ಲ. ಕಾಗದವನ್ನು ಓದಿದವಳು ನಾನು, ತಪ್ಪು ಸಂಪೂರ್ಣವಾಗಿ ನನ್ನದು. ಊರಿನವರು ನನ್ನ ಮಾತನ್ನು ನಂಬಿದರು. ಓದಿದವರ ಮಾತನ್ನು ನಂಬಿದ್ದಕ್ಕೆ ಅವರ ಮಕ್ಕಳಿಗೆ ಶಿಕ್ಷೆಯಾಗಬಾರದು."

ತಿಳಿದಿರಲಿಲ್ಲ. ಯಾವಾಗ ತಿಳಿಯಿತು ಎಂದು ಬರೆಯಲಿಲ್ಲ. ಉತ್ಸವಕ್ಕೆ ಇಪ್ಪತ್ತಮೂರು ದಿನ ಮೊದಲೇ ನನಗೆ ಗೊತ್ತಿತ್ತು ಸ್ವಾಮಿ, ನಾನು ದಡ್ಡಿಯಲ್ಲ ಎಂದು ಆ ಪ್ರಾಧ್ಯಾಪಕರೊಬ್ಬರಿಗಾದರೂ ಫೋನ್ ಮಾಡಿ ಹೇಳಬೇಕೆಂದು ಮಧ್ಯಾಹ್ನವಿಡೀ ಬೆರಳು ತುರಿಸಿತು. ನಂಬರೂ ಸಂಪಾದಿಸಿದ್ದೆ. ಆಮೇಲೆ ಆ ಚೀಟಿಯನ್ನು ಮಡಚಿ ಅಲುಗುವ ಮೇಜಿನ ಕಾಲಿಗೆ ಒತ್ತು ಕೊಟ್ಟೆ. ಮೇಜು ಈಗ ಅಲುಗುತ್ತಿಲ್ಲ.

೧೧ ಜನವರಿ, ಭಾನುವಾರ

ಪತ್ರ ನಿನ್ನೆ ಅಚ್ಚಾಯಿತು. ಕಲ್ಲು ಕೀಳುವುದಿಲ್ಲ ಎಂದು ಶಾಸಕರಿಂದ ಫೋನ್ ಬಂತಂತೆ. ತರಕಾರಿ ಮಾರುವ ಪಾರ್ವತೆಮ್ಮ ಇವತ್ತು ತೂಕಕ್ಕಿಂತ ಎರಡು ಬದನೆಕಾಯಿ ಹೆಚ್ಚು ಹಾಕಿ, "ಇರಲಿ ಮೇಡಂ, ನಮಗೂ ಲೆಕ್ಕ ತಪ್ಪತದ" ಎಂದರು. ಇಡೀ ಊರಿಗೆ ಗೊತ್ತು. ನನಗೆ ಗೊತ್ತಿತ್ತೆಂದು ಗೊತ್ತು. ಗೊತ್ತಿಲ್ಲದವಳಂತೆ ನನ್ನನ್ನು ನಡೆಸಿಕೊಳ್ಳಬೇಕೆಂದೂ ಗೊತ್ತು.

ಸಂಜೆ ಅಡಿಗಲ್ಲು ನೋಡಲು ಹೋದೆವು, ನೂರ್ ಬೀ, ತಮನ್ನಾ, ನಾನು. ಕಪ್ಪು ಕಲ್ಲಿನಲ್ಲಿ ಕೆತ್ತಿದ್ದಾರೆ: "ಹೊಸಬಾವಿ ಶತಮಾನೋತ್ಸವದ ನೆನಪಿಗಾಗಿ." ಒತ್ತಕ್ಷರ ಸರಿಯಿದೆ. ನನ್ನ ಏಕೈಕ ಪ್ರಕಟಿತ ಸಂಶೋಧನೆ, ಅಳಿಸಲಾಗದ ಕಲ್ಲಿನಲ್ಲಿ, ಒಂಬತ್ತು ವರ್ಷ ತಪ್ಪಾಗಿ.

"ಖರೇ ನೂರು ಯಾವಾಗ ಬರತದ?" ನೂರ್ ಬೀ ಕೇಳಿದರು.

"ಎರಡು ಸಾವಿರದ ಮೂವತ್ತನಾಲ್ಕು, ಡಿಸೆಂಬರ್."

ಅವರು ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖ ಅರಳಿತು. "ಆವಾಗ ನನಗ ಬರೋಬ್ಬರಿ ನೂರಾ ಏಳು! ಅದೇ ಹಸಿರು ಸೀರಿ ಉಟ್ಟು ಬರತೀನಿ. ಸುಳ್ಳು ಹೇಳೋ ತ್ರಾಸು ಇಲ್ಲ. ಭಾಷಣ ಯಾರು ಬರೀತಾರ?"

"ನಾನ ಬರೀತೀನಲ್ಲ" ಎಂದೆ.

ಕಲ್ಲಿನ ಮೇಲಿದ್ದ ಧೂಳನ್ನು ತಮನ್ನಾ ದುಪಟ್ಟಾದ ಅಂಚಿನಿಂದ ಒರೆಸಿದಳು. ಮೂವರೂ ಸಂತೆಯ ದಾರಿಯಿಂದ ಮನೆಗೆ ಬಂದೆವು. ಆಗ ಮತೀನ್ ಫೋನ್ ಮಾಡಿದರು. ರಾಯಚೂರಿಗೆ ವರ್ಗಾವಣೆಯ ಅರ್ಜಿ ಹಾಕಿದೆಯಾ, ನಿನ್ನೆಯೇ ಕೊನೆಯ ದಿನವಾಗಿತ್ತಲ್ಲ ಎಂದು ಕೇಳಿದರು.

ಮರೆತೇಹೋಗಿತ್ತು.